ಮನೆಯಲ್ಲೇ ಬುಲೆಟ್ ಟ್ರ್ಯಾಪ್: ಪ್ಲೇಟ್ ಎಷ್ಟು ದಪ್ಪ, ಎಷ್ಟು ಓರೆ, ಮಳೆಗಾಲಕ್ಕೆ ಏನು ತುಂಬಬೇಕು?

ಬಾಣೆಮನೆ, ವಿರಾಜಪೇಟೆ

ಕಾಫಿ ಗೋಡೌನ್ ಪಕ್ಕದ ಶೆಡ್ಡಿನಲ್ಲಿ 10 ಮೀಟರ್ ಉದ್ದದ ಜಾಗ ಇದೆ. ಅಲ್ಲಿ 0.177 ಇಂಚು ನಳಿಗೆಯ ಏರ್ ರೈಫಲ್ ಅಭ್ಯಾಸಕ್ಕೆ ಒಂದು ಟ್ರ್ಯಾಪ್, ಅಂದರೆ ಗುರಿಯ ಹಿಂದೆ ಗುಂಡನ್ನು ತಡೆದು ಹಿಡಿಯುವ ಪೆಟ್ಟಿಗೆ, ಮಾಡಿಸಬೇಕು. ಮನೆ ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ಗುಡ್ಡ) ಇದೆ, ಅದರ ಮುಂದೆ 25 ಮೀಟರಿಗೆ .22 ರೈಫಲ್‌ಗೂ ಒಂದು ಬೇಕು. ವೆಲ್ಡಿಂಗ್ ಶಾಪಿನಲ್ಲಿ 3 ಮತ್ತು 6 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಧಾರಣ ಉಕ್ಕು) ಪ್ಲೇಟಿನ ತುಂಡುಗಳು ಸಿಗುತ್ತವೆ. ಪ್ಲೇಟನ್ನು ಎಷ್ಟು ಓರೆ ಇಡಬೇಕು? ಮರಳು ತುಂಬಿದರೆ ಸಾಕು ಎನ್ನುವವರೂ ಇದ್ದಾರೆ, ನಮ್ಮ ಮಳೆಗೆ ಮರಳು ಗಟ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದಾಗ ತೆಂಗಿನಕಾಯಿಗೆ ಹೊಡೆಯುವ ಅಭ್ಯಾಸವನ್ನೂ ಇದೇ ಪೆಟ್ಟಿಗೆ ಮುಂದೆ ಮಾಡಬಹುದೇ?

ಹತ್ತುಮೀಟರ್

ಏರ್ ರೈಫಲ್‌ದು ಮೊದಲು ಹೇಳುತ್ತೇನೆ, ಅದು ಸುಲಭ. ಸ್ಪರ್ಧೆಯ ರೈಫಲಿನ ಪೆಲೆಟ್ ಸುಮಾರು 0.53 ಗ್ರಾಂ, ಸೆಕೆಂಡಿಗೆ 170 ಮೀಟರ್ ಆಸುಪಾಸು ವೇಗ. ಶಕ್ತಿ 8 ಜೂಲ್ ಒಳಗೇ. ಇದಕ್ಕೆ 3 ಮಿ.ಮೀ. ಪ್ಲೇಟ್ ಧಾರಾಳ. ತಡೆಯುವುದು ದೊಡ್ಡ ವಿಷಯವಲ್ಲ, ತಡೆದ ಸೀಸದ ಚೂರು ಎತ್ತ ಹೋಗುತ್ತದೆ ಅನ್ನುವುದೇ ವಿಷಯ. ಪ್ಲೇಟ್ ನೆಟ್ಟಗೆ ನಿಂತಿದ್ದರೆ ಪೆಲೆಟ್ ಚಪ್ಪಟೆಯಾಗಿ ಪ್ಲೇಟಿನ ಮೈಗುಂಟ ನಾಲ್ಕೂ ಕಡೆ ಸಿಡಿಯುತ್ತದೆ, ಕೆಲವು ನೇರ ವಾಪಸ್ ಬರುತ್ತವೆ. ಆದ್ದರಿಂದ ಪ್ಲೇಟಿನ ಮೇಲಂಚು ಹೊಡೆಯುವವನ ಕಡೆಗೆ, ಕೆಳಗಿನಂಚು ಹಿಂದಕ್ಕೆ. 45 ಡಿಗ್ರಿ ಓರೆ. ಪೆಲೆಟ್ ಬಡಿದು ಕೆಳಗಿನ ತಟ್ಟೆಗೆ ಇಳಿಯಬೇಕು.

ಅಳತೆ: ಬಾಯಿ 30 × 30 ಸೆಂ.ಮೀ. ಗುರಿಯ ಕಾರ್ಡ್ 80 ಮಿ.ಮೀ. ಚೌಕವೇ ಆದರೂ ಕಲಿಯುವವರ ಗುಂಡು ಕಾರ್ಡಿನ ಹೊರಗೂ ಹೋಗುತ್ತದೆ, ಬಾಯಿ ಚಿಕ್ಕದು ಮಾಡಬೇಡಿ. 45 ಡಿಗ್ರಿಗೆ ಪ್ಲೇಟಿನ ಉದ್ದ 42.5 ಸೆಂ.ಮೀ. ಆಗುತ್ತದೆ, ತೂಕ ಸುಮಾರು 3 ಕೆ.ಜಿ. ಪಕ್ಕಗಳು 18 ಮಿ.ಮೀ. ಪ್ಲೈವುಡ್, ಒಳಮೈಗೆ ತೆಳು ತಗಡು. ತಟ್ಟೆಯಲ್ಲಿ ನಾಲ್ಕು ಮಡಿಕೆ ಗೋಣಿಚೀಲ ಹಾಸಿ, ಬಿದ್ದದ್ದು ಪುಟಿಯುವುದಿಲ್ಲ. ಬಾಯಿಯ ಕೆಳಗೆ 5 ಸೆಂ.ಮೀ. ತುಟಿ ಇರಲಿ, ಇಲ್ಲದಿದ್ದರೆ ಚೂರು ನೆಲಕ್ಕೆ ಉರುಳುತ್ತದೆ. ಕಾರ್ಡಿನ ನಡುಭಾಗ ನೆಲದಿಂದ 1.40 ಮೀಟರ್ ಎತ್ತರಕ್ಕೆ ಬರುವಂತೆ ಸ್ಟ್ಯಾಂಡ್ ಮಾಡಿಸಿ, ಸ್ಪರ್ಧೆಯಲ್ಲಿರುವುದೂ ಅದೇ.

ಟಣ್ ಟಣ್ ಸದ್ದು ಬೇಡವಾದರೆ ಪ್ಲೇಟಿನ ಬದಲು ಎಣ್ಣೆ ಬೆರೆತ ಮಾಡೆಲಿಂಗ್ ಕ್ಲೇ 5 ಸೆಂ.ಮೀ. ದಪ್ಪ ಮೆತ್ತಿ, ಹಿಂದೆ ಪ್ಲೇಟ್ ಕೊಡಬಹುದು. ಕುಂಬಾರ ಮಣ್ಣು ಬೇಡ, ಒಣಗಿ ಬಿರಿಯುತ್ತದೆ. ಕ್ಲೇಯ ತೊಂದರೆ ಇಷ್ಟು: ಒಂದೇ ಜಾಗಕ್ಕೆ ಹೊಡೆದು ಹೊಡೆದು ಮಧ್ಯದಲ್ಲಿ ಸೀಸದ ಗಂಟು ಕಟ್ಟುತ್ತದೆ, ಮುಂದಿನ ಪೆಲೆಟ್ ಆ ಗಂಟಿಗೆ ಬಡಿದು ವಾಪಸ್ ಚಿಮ್ಮುತ್ತದೆ. ಮಧ್ಯೆ ಬೂದು ಹೊಳಪು ಕಂಡ ದಿನವೇ ಚಮಚದಲ್ಲಿ ಅಗೆದು ತೆಗೆಯಿರಿ. ಡಿಸೆಂಬರ್ ಚಳಿಯ ಬೆಳಿಗ್ಗೆ ಕ್ಲೇ ಗಟ್ಟಿಯಾಗಿರುತ್ತದೆ, ಕೈಯಲ್ಲಿ ನಾದಿ ಮೆತ್ತಗೆ ಮಾಡಿಯೇ ಶುರು ಮಾಡಿ. ಉಕ್ಕಿನ ಬಿ.ಬಿ. (ಸಣ್ಣ ಗೋಲಿಯಂಥ) ಗುಂಡು ಮಾತ್ರ ಯಾವ ಪ್ಲೇಟಿಗೂ ಹೊಡೆಯಬಾರದು. ಅದು ಚಪ್ಪಟೆಯಾಗುವುದಿಲ್ಲ, ಹೋದ ದಾರಿಯಲ್ಲೇ ತಿರುಗಿ ಬರುತ್ತದೆ.

ಫಿಟ್ಟರ್, ಗೋಣಿಕೊಪ್ಪ

.22ಕ್ಕೆ ಮೇಲಿನ ಪೆಟ್ಟಿಗೆ ಯಾವ ಕಾರಣಕ್ಕೂ ನಡೆಯುವುದಿಲ್ಲ. 2.6 ಗ್ರಾಂ ಸೀಸ ಸೆಕೆಂಡಿಗೆ 320-330 ಮೀಟರ್ ವೇಗದಲ್ಲಿ ಬರುತ್ತದೆ, ಶಕ್ತಿ 140 ಜೂಲ್ ಹತ್ತಿರ. ಪೆಲೆಟ್‌ಗಿಂತ ಹದಿನೇಳು-ಹದಿನೆಂಟು ಪಟ್ಟು.

6 ಮಿ.ಮೀ. ಎಂ.ಎಸ್. ಪ್ಲೇಟ್ ಸಾಧಾರಣ ವೇಗದ ಸೀಸದ ಗುಂಡಿಗೆ ಸಾಕು. ಆದರೆ ಓರೆ 45 ಬೇಡ, ಗುಂಡು ಬರುವ ಗೆರೆಗೆ 30 ಡಿಗ್ರಿ ಇಡಿ. ಹೆಚ್ಚು ಮಲಗಿದಷ್ಟೂ ಗುಂಡು ಗುದ್ದುವ ಬದಲು ಜಾರುತ್ತದೆ. ಬಾಯಿ 45 × 45 ಸೆಂ.ಮೀ. ಇದ್ದರೆ ಪ್ಲೇಟಿನ ಉದ್ದ 90, ಪೆಟ್ಟಿಗೆಯ ಆಳ 78 ಸೆಂ.ಮೀ. ಬರುತ್ತದೆ. ಆ ಪ್ಲೇಟಿನ ತೂಕವೇ 19 ಕೆ.ಜಿ., ಆದ್ದರಿಂದ ಸ್ಟ್ಯಾಂಡಿಗೆ 40 ಮಿ.ಮೀ. ಆ್ಯಂಗಲ್ ಹಾಕಿ. ಜಾರಿದ ಗುಂಡು ಹಿಂದಿನ ಮೂಲೆಗೆ ವೇಗವಾಗಿಯೇ ಹೋಗುತ್ತದೆ. ಅಲ್ಲಿ ಬರಿಗೋಡೆ ಬಿಡದೆ ಮರಳು ತುಂಬಿದ ತಟ್ಟೆ ಇಡಿ, 15 ಸೆಂ.ಮೀ. ಆಳ. ಪಕ್ಕಗಳಿಗೂ 3 ಮಿ.ಮೀ. ಪ್ಲೇಟ್.

ವೆಲ್ಡಿಂಗ್ ಶಾಪಿನಲ್ಲಿ ಎದುರು ನಿಂತು ಒಂದು ಮಾತು ಹೇಳಿ: ಗುಂಡು ಬೀಳುವ ಮೈಮೇಲೆ ಬೋಲ್ಟಿನ ತಲೆ, ವೆಲ್ಡಿಂಗ್ ಗಂಟು, ಕೀಲು ಯಾವುದೂ ಇರಬಾರದು. ವೆಲ್ಡಿಂಗ್ ಎಲ್ಲಾ ಹಿಂದಿನಿಂದ, ಅದೂ ಬಿಟ್ಟುಬಿಟ್ಟು. ಉದ್ದಕ್ಕೆ ಒಂದೇ ಸಮ ಹಾಕಿದರೆ ಪ್ಲೇಟ್ ಸೊಟ್ಟಗಾಗುತ್ತದೆ. ಬೋಲ್ಟಿನ ತಲೆಗೆ ತಾಗಿದ ಗುಂಡು ಯಾವ ಕಡೆ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ.

ತಿಂಗಳಿಗೊಮ್ಮೆ ಪ್ಲೇಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕುವಷ್ಟು ಗುಳಿ ಬಿದ್ದಿದ್ದರೆ ಪ್ಲೇಟ್ ತಿರುವಿ ಹಾಕಿ ಅಥವಾ ಬದಲಿಸಿ. ಗುಳಿಯೊಳಗೆ ಬಿದ್ದ ಸೀಸ ಬಟ್ಟಲಿಗೆ ಸುರಿದ ನೀರಿನ ಹಾಗೆ ಸುತ್ತಿಕೊಂಡು ಮುಂದಕ್ಕೇ ಎರಚುತ್ತದೆ. ಹೈವೆಲಾಸಿಟಿ ತೋಟಾ ಹೊಡೆಯುವವರು ಜೆಸಿಬಿ ಬಕೆಟ್‌ಗೆ ಹಾಕುವ ವೇರ್ ಪ್ಲೇಟ್ (ಬೇಗ ಸವೆಯದ ಗಡಸು ಉಕ್ಕು) ತರಿಸಿ. ಆದರೆ ಅದನ್ನು ಗ್ಯಾಸಿನಲ್ಲಿ ಕತ್ತರಿಸಿದರೆ ಕಾದ ಅಂಚಿನ ಗಡಸುತನ ಹೋಗುತ್ತದೆ. ದೊಡ್ಡ ರೈಫಲಿಗೆ ಈ ಟ್ರ್ಯಾಪ್ ಅಲ್ಲವೇ ಅಲ್ಲ, ಎಂ.ಎಸ್. ಪ್ಲೇಟನ್ನು ಅದು ತೂತು ಮಾಡುತ್ತದೆ.

ಮಳೆಗಾಲ, ಭಾಗಮಂಡಲ

ಫಿಟ್ಟರ್ ಅಣ್ಣನ ಲೆಕ್ಕ ಸರಿ. ಆದರೆ ಹೊರಗಿಡುವ ಟ್ರ್ಯಾಪಿಗೆ ನಮ್ಮ ಕಡೆ ರಬ್ಬರ್ ಮೇಲು. ಪ್ಲೇಟ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಕ್ಕು ಹಿಡಿದು ಪದರ ಬಿಡುತ್ತದೆ. ಮರಳು ಇನ್ನೂ ಕಷ್ಟ. 45 × 45 × 30 ಸೆಂ.ಮೀ. ಪೆಟ್ಟಿಗೆಗೆ ಹಿಡಿಯುವ ಮರಳು ಒಣಗಿದ್ದಾಗಲೇ ನೂರು ಕೆ.ಜಿ. ಹತ್ತಿರ. ನೀರು ಕುಡಿದರೆ ಪ್ಲೈವುಡ್ ಉಬ್ಬಿ ಕೀಲು ಬಿಡುತ್ತದೆ, ಒದ್ದೆ ಮರಳಿನಲ್ಲಿ ಗುಂಡು ಕೊರೆದ ದಾರಿ ಮುಚ್ಚಿಕೊಳ್ಳುವುದಿಲ್ಲ. ಹಿಂದಿನ ಗುಂಡಿನ ಬಾಲಕ್ಕೇ ಮುಂದಿನದು ಬಡಿಯುತ್ತದೆ. ಮರಳೇ ಬೇಕೆಂದರೆ ಸಣ್ಣ ಜರಡಿಯಲ್ಲಿ ಸೋಸಿ, ಒಂದು ಹರಳು ಕಲ್ಲು ಸಾಕು ಗುಂಡು ತಿರುಗಲು.

ರಬ್ಬರಿಗೆ ಟೈರ್ ರೀಟ್ರೆಡಿಂಗ್ ಮಾಡುವಲ್ಲಿ ಕೇಳಿ. ಹಳೆ ಟೈರಿನ ಮೇಲ್ಮೈ ಉಜ್ಜಿ ತೆಗೆದ ರಬ್ಬರ್ ತುರಿ ಚೀಲಗಟ್ಟಲೆ ಇರುತ್ತದೆ. ಇಡೀ ಟೈರ್ ಕತ್ತರಿಸಿದ ಚೂರಿನಲ್ಲಿ ತಂತಿ ಬರುತ್ತದೆ, ಈ ತುರಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಅಯಸ್ಕಾಂತ ಆಡಿಸಿಯೇ ತುಂಬಿ. .22ಕ್ಕೆ 40 ಸೆಂ.ಮೀ. ಆಳ, ಹಿಂದೆ ನಿಮ್ಮ 6 ಮಿ.ಮೀ. ಪ್ಲೇಟ್, ಮುಂದೆ ದಪ್ಪ ರಬ್ಬರ್ ಹಾಳೆ. ಪ್ರತಿ ಇನ್ನೂರು ಗುಂಡಿಗೆ ಕೋಲಿನಿಂದ ಕಲಕಿ, ಇಲ್ಲದಿದ್ದರೆ ನಡುವೆ ಟೊಳ್ಳು ಬೀಳುತ್ತದೆ. ರಬ್ಬರ್ ತುರಿ ಬೆಂಕಿಗೆ ಬೇಗ ಹತ್ತುತ್ತದೆ, ಹತ್ತಿದರೆ ಆರಿಸುವುದು ಬಹಳ ಕಷ್ಟ. ಮದ್ದು ತುಂಬುವ ಹಳೇ ಕೋವಿಯ ಕಿಡಿ ಇದರ ಹತ್ತಿರ ಬರಬಾರದು.

ಇನ್ನೊಂದು, ಸೀಸ. ಸಾವಿರ .22 ಗುಂಡು ಎಂದರೆ 2.6 ಕೆ.ಜಿ. ಸೀಸ. ನಮ್ಮ ತೋಟದ ಮಣ್ಣು ಹುಳಿ, ಹುಳಿ ಮಣ್ಣಿನಲ್ಲಿ ಸೀಸ ಬೇಗ ಕರಗಿ ನೀರಿಗೆ ಸೇರುತ್ತದೆ. ಟ್ರ್ಯಾಪಿಗೆ ಮಾಡು (ಚಾವಣಿ) ಹಾಕಿ, ಬಾವಿ ಮತ್ತು ಗದ್ದೆಯ ಕಡೆಗೆ ನೀರು ಹರಿಯುವ ಜಾಗದಲ್ಲಿ ಇಡಬೇಡಿ, ಸುತ್ತಲಿನ ಮಣ್ಣಿಗೆ ತೋಟಕ್ಕೆ ತರುವ ಕೃಷಿ ಸುಣ್ಣವನ್ನೇ ಸ್ವಲ್ಪ ಹಾಕಿ. ತಟ್ಟೆ ಖಾಲಿ ಮಾಡುವಾಗ ಒಣ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮಾಸ್ಕ್, ಗ್ಲೌಸ್ ಹಾಕಿ. ಕೈಯನ್ನು ತಣ್ಣೀರು-ಸೋಪಿನಲ್ಲಿ ತೊಳೆಯದೆ ಏನೂ ತಿನ್ನಬೇಡಿ. ಸೀಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ, ಅಡುಗೆಮನೆಯಲ್ಲಿ ಕರಗಿಸಲು ಹೋಗಬೇಡಿ.

ಹತ್ತುಮೀಟರ್

ತೆಂಗಿನಕಾಯಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಈ ಪೆಟ್ಟಿಗೆ ಮುಂದೆ ಬೇಡ. ಜೋಡಿ ನಳಿಗೆ ಕೋವಿಯ ತೋಟಾಕ್ಕೆ 45 ಸೆಂ.ಮೀ. ಬಾಯಿ ಸಾಲದು, ಗುಂಡು ಹರಡಿ ಚೌಕಟ್ಟಿಗೇ ಬಡಿಯುತ್ತದೆ. ಕಾಯಿಯನ್ನು ಮಣ್ಣಿನ ದಿಬ್ಬದ ಮುಂದೆ, ದಿಬ್ಬದ ತುದಿಗಿಂತ ಸಾಕಷ್ಟು ಕೆಳಗೆ ಕಟ್ಟಿ. ಕೊಂಬೆಗೆ ಕಟ್ಟಿ ಹಿಂದೆ ಆಕಾಶ ಕಾಣುವಂತೆ ಇಟ್ಟರೆ ಗುರಿ ತಪ್ಪಿದ .22 ಗುಂಡು ಕಿಲೋಮೀಟರಿಗಿಂತಲೂ ಹೆಚ್ಚು ದೂರ ಹೋಗಬಲ್ಲದು.

ಬರೆಯ ಬಗ್ಗೆಯೂ ಒಂದು ಮಾತು. ಟ್ರ್ಯಾಪ್ ಕೂರಿಸಲು ಬರೆಯನ್ನು ನೆಟ್ಟಗೆ ಕೆತ್ತಬೇಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಅದನ್ನು ಯಾರಿಗೂ ವಿವರಿಸಬೇಕಿಲ್ಲ. ಬರೆಯಿಂದ ಎರಡು ಮೀಟರ್ ಮುಂದೆ ಇಡಿ. ಬರೆಯ ಮೇಲೆ ತೋಟದ ದಾರಿ, ಲೈನ್ ಮನೆ (ಆಳುಗಳ ಸಾಲು ಮನೆ) ಇದೆಯೇ? ಇದ್ದರೆ ಆ ಜಾಗವೇ ಬೇಡ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಗಿಡದ ಮರೆಯಲ್ಲಿ ಆಳುಗಳು ಎಲ್ಲಿರುತ್ತಾರೆಂದು ಕಾಣುವುದಿಲ್ಲ, ಆಗ .22 ಮುಟ್ಟಬೇಡಿ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಎಲ್ಲೆಂದರಲ್ಲಿ ಹೊಡೆಯಲು ಕೊಟ್ಟ ಅನುಮತಿಯಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಬಾಣೆಮನೆ, ವಿರಾಜಪೇಟೆ

ಎಲ್ಲರಿಗೂ ಧನ್ಯವಾದ. ಶೆಡ್ಡಿಗೆ 45 ಡಿಗ್ರಿ ಪ್ಲೇಟ್, ಹೊರಗೆ ಮಾಡು ಹಾಕಿ ರಬ್ಬರ್ ತುರಿ ಎಂದು ತೀರ್ಮಾನಿಸಿದೆ. ಬರೆಯ ಮೇಲೆ ದಾರಿ ಇಲ್ಲ, ಪಾಳು ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ). ಮೊದಲ ಸಲ ಹೊಡೆಯುವ ಮುಂಚೆ ಪರೀಕ್ಷೆ ಹೇಗೆ?

ಫಿಟ್ಟರ್, ಗೋಣಿಕೊಪ್ಪ

ಪೆಟ್ಟಿಗೆಯ ಬಾಯಿಯ ಸುತ್ತ, ಎಡ-ಬಲ-ಮೇಲೆ-ಕೆಳಗೆ, ಅರ್ಧ ಮೀಟರ್ ಅಗಲಕ್ಕೆ ಹಳೇ ಪೇಪರ್ ಬಿಗಿದು ಕಟ್ಟಿ. ನೆಲದ ಮೇಲೂ ಎರಡು ಮೀಟರ್ ಹಾಸಿ. ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ, ಬೇರೆ ಯಾರೂ ಹತ್ತಿರ ಇಲ್ಲದಾಗ, ಶೆಡ್ಡಿನದಕ್ಕೆ ಪೂರಾ 10, ಹೊರಗಿನದಕ್ಕೆ ಪೂರಾ 25 ಮೀಟರಿನಿಂದ 20 ಗುಂಡು ಹೊಡೆಯಿರಿ. ಆಮೇಲೆ ಪೇಪರನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತು ಒಂದು ಕಂಡರೂ ಯಾವ ಕಡೆಯಿಂದ ಬಂತು ನೋಡಿ. ಪಕ್ಕದ ಪೇಪರಿನಲ್ಲಿದ್ದರೆ ಪ್ಲೇಟಿಗೂ ಪಕ್ಕದ ತಗಡಿಗೂ ನಡುವೆ ಸಂದು ಉಳಿದಿದೆ. ನೆಲದ ಪೇಪರಿನಲ್ಲಿದ್ದರೆ ತುಟಿಯನ್ನು ಇನ್ನೆರಡು ಸೆಂ.ಮೀ. ಎತ್ತರಿಸಿ. ರಬ್ಬರ್ ಪೆಟ್ಟಿಗೆಯದ್ದಾದರೆ ಹಿಂದಿನ ಪ್ಲೇಟನ್ನೂ ಮುಟ್ಟಿ ನೋಡಿ. ಅಲ್ಲಿ ಸೀಸದ ಗುರುತು ಬಿದ್ದಿದ್ದರೆ ತುರಿ ಸಾಲದು, ಇನ್ನೊಂದು ಚೀಲ ತಂದು ಒತ್ತಿ ತುಂಬಿ, ಮತ್ತೆ 20 ಹೊಡೆದು ನೋಡಿ.