ಡೀಸೆಲ್ ಕಾರಿನ ಆಯಿಲ್ ಕಪ್ಪಾದ ಕೂಡಲೇ ಬದಲಿಸಬೇಕೇ?

ಪ್ರಶ್ನೆ (ಹುಬ್ಬಳ್ಳಿ): ನನ್ನದು ಬಿಎಸ್-6 ಡೀಸೆಲ್ ಕಾರು. ಕೈಪಿಡಿಯಲ್ಲಿ 5ಡಬ್ಲ್ಯೂ-30 ಗ್ರೇಡಿನ (ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಎಂದು ಹೇಳುವ ಗುರುತು) ಆಯಿಲನ್ನು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಲು ಹೇಳಿದೆ. ವಾರಕ್ಕೆ ಮೂರು ದಿನ ನವಲಗುಂದದ ಕಡೆಯ ಎರೆಹೊಲಗಳ ದಾರಿಯಲ್ಲಿ ಓಡಾಡುತ್ತೇನೆ. 3,000 ಕಿ.ಮೀ.ಗೇ ಆಯಿಲ್ ಕಾಡಿಗೆಯಂತಾಗಿದೆ. ಪರಿಚಿತ ಮೇಸ್ತ್ರಿಯೊಬ್ಬರು ಇಲ್ಲಿಯ ಬಿಸಿಲಿಗೆ ಅದಕ್ಕಿಂತ ದಪ್ಪನೆಯ 15ಡಬ್ಲ್ಯೂ-40 ವಾಸಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ (ಗದಗ): ಬಣ್ಣ ನೋಡಿ ಗಾಬರಿಯಾಗಬೇಡಿ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಆಯಿಲ್ ತನ್ನಲ್ಲಿ ತೇಲಿಸಿಕೊಳ್ಳುವುದರಿಂದಲೇ ಅದು ಬೇಗ ಕಪ್ಪಾಗುತ್ತದೆ. ಅದು ಅದರ ಕೆಲಸ. ಗ್ರೇಡನ್ನು ಮಾತ್ರ ಬದಲಿಸಬೇಡಿ. ನಿಮ್ಮ ಸೈಲೆನ್ಸರ್ ಮಾರ್ಗದಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದ್ದರೆ, ಬೂದಿ ಕಡಿಮೆ ಬಿಡುವ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲೇ ಬೇಕು, ಇಲ್ಲವಾದರೆ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಬರೀ ಪೇಟೆಯೊಳಗಿನ ಸಣ್ಣ ಓಡಾಟವಿದ್ದರೆ ಡೀಸೆಲ್ ಬೆರೆತು ಆಯಿಲ್ ಮಟ್ಟ ಏರುವುದೂ ಉಂಟು. ಆ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಕೂಡಲೇ ಬದಲಿಸಿ.

ಉತ್ತರ (ಹಾವೇರಿ): ಧೂಳಿನ ದಾರಿಗೆ ಅನೇಕ ಕೈಪಿಡಿಗಳಲ್ಲಿ ಬೇರೆಯದೇ ಅವಧಿ ಇರುತ್ತದೆ, ಆ ಪುಟ ನೋಡಿ. ನಾನಂತೂ 7,000ಕ್ಕೇ ಬದಲಿಸುತ್ತೇನೆ. ಆಯಿಲ್ ಫಿಲ್ಟರನ್ನು ಪ್ರತಿ ಸಲವೂ ಹೊಸದು ಹಾಕಿಸಿ. ತಿರುಗಿಸಿ ಕೂರಿಸುವ ಬಗೆಯದಾದರೆ ಅದರ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ, ಹಳೆಯ ಉಂಗುರ ಎಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ನೋಡಿಕೊಳ್ಳಿ. ಏರ್ ಫಿಲ್ಟರನ್ನು ಸುಗ್ಗಿಯಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಪ್ರಶ್ನೆ ಕೇಳಿದವರು: ಏರ್ ಫಿಲ್ಟರ್ ಡಬ್ಬಿ ತೆರೆದೆ. ಮಡಿಕೆಗಳ ತುಂಬ ಕರಿಮಣ್ಣು, ಮೂಲೆಯಲ್ಲಿ ಒಂದು ಹಿಡಿ ಜೋಳದ ಹೊಟ್ಟು! ನಾಳೆಯೇ ಹೊಸದು ತರುತ್ತೇನೆ. ಆಯಿಲ್ 5ಡಬ್ಲ್ಯೂ-30 ಆಗಿಯೇ ಇರಲಿ.