'ಮಕ್ತಾ' ಅರ್ಧಕ್ಕೆ ಬಿಟ್ಟ ಶೈಲಕ್ಕನಿಗೆ

ಶೈಲಕ್ಕ, ನಿಮ್ಮ ಮೆಸೇಜ್ ನೋಡ್ದೆ. ನಾರ್ವೆಯ ಟಿವಿ ಸರಣಿ 'ಮಕ್ತಾ' ಎರಡು ಕಂತು ನೋಡಿ ನಿಲ್ಲಿಸಿಬಿಟ್ಟೆ ಅಂತ ಬರ್ದಿದೀರಿ. ಕಥೆ 1974ರದ್ದು ಅಂತಾರೆ, ರಸ್ತೇಲಿ ಮಾತ್ರ ಈಗಿನ ಕಾರು. ಯಾರು ಯಾರ ಮೇಲೆ ಹಲ್ಲು ಮಸೀತಿದಾರೆ ಗೊತ್ತಾಗಲ್ಲ. ಎಲೆಕ್ಷನ್ನಿಗೇ ನಿಲ್ಲದ ಡಾಕ್ಟರಮ್ಮ ಮಂತ್ರಿ ಹೇಗಾದ್ರು? ಮೂರೂ ಸರಿಯಾದ ಪ್ರಶ್ನೇನೇ. ಟೈಪ್ ಮಾಡಿದ್ರೆ ಮುಗಿಯಲ್ಲ, ಹೇಳಿಬಿಡ್ತೀನಿ ಕೇಳಿ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕಾರು. ಅದು ಬೇಕಂತಲೇ ಮಾಡಿರೋದು ಅಕ್ಕ. ಬಟ್ಟೆ, ಕೂದಲು, ಕನ್ನಡಕ ಎಲ್ಲ ಎಪ್ಪತ್ತರ ದಶಕದ್ದು, ಊರು ಮಾತ್ರ ಇವತ್ತಿನ ಓಸ್ಲೊ. ಮುಚ್ಚೋ ಪ್ರಯತ್ನಾನೇ ಮಾಡಿಲ್ಲ. ಸತ್ಯ, ಸುಳ್ಳು, ಮರೆವು ಈ ಮೂರರ ಆಧಾರದ ಮೇಲೆ ಮಾಡಿದ್ದು ಅಂತ ಸರಣಿ ಮಾಡಿದವರೇ ಹೇಳ್ಕೊಂಡಿದಾರೆ. ಹಾಗಾಗಿ ಯಾರಿಗೆ ಯಾವ ಹುದ್ದೆ, ಯಾವ ವರ್ಷ, ಯಾವ ಚುನಾವಣೇಲಿ ಏನಾಯ್ತು ಅನ್ನೋದನ್ನ ನಂಬಿ. ಬಾಗಿಲು ಹಾಕ್ಕೊಂಡು ಆಡೋ ಮಾತನ್ನ ನಾಟಕ ಅಂತ ತಗೊಳ್ಳಿ. ಹುಡುಕೋವಾಗ 'ಪವರ್ ಪ್ಲೇ' ಅನ್ನೋ ಇಂಗ್ಲಿಷ್ ಹೆಸರು ಹಾಕಿ. ಒಟ್ಟು 12 ಕಂತು, 2023ರಲ್ಲಿ ಬಂದಿದ್ದು, ಅದೇ ವರ್ಷ ಕಾನ್ ಸೀರೀಸ್ ಉತ್ಸವದಲ್ಲಿ ಅತ್ಯುತ್ತಮ ಸರಣಿ ಅಂತ ಬಹುಮಾನಾನೂ ಬಂತು. ಡಬ್ಬಿಂಗ್ ಇದ್ರೂ ಹಾಕ್ಕೋಬೇಡಿ, ಸಬ್‌ಟೈಟಲ್ ಇಟ್ಟು ನಾರ್ವೇಜಿಯನ್ನಲ್ಲೇ ಕೇಳಿ. ಅರ್ಧ ಹಾಸ್ಯ ಇರೋದು ಒಬ್ಬರ ಮಾತು ಮುಗಿಯೋಕೆ ಮುಂಚೆ ಇನ್ನೊಬ್ಬರು ಬಾಯಿ ಹಾಕೋದ್ರಲ್ಲಿ. ಡಬ್ಬಿಂಗಲ್ಲಿ ಅದು ಸತ್ತೇ ಹೋಗುತ್ತೆ.

ಈಗ ಜನ. ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅಂತ ಹೆಸರು, ಕಿವಿಗೆ 'ಗ್ರೂ' ಅಂತ ಕೇಳ್ಸುತ್ತೆ, ನೀವು ಕೇಳಿದ ಡಾಕ್ಟರಮ್ಮ ಇವರೇ. ಡಾಕ್ಟರ್, ನಾಲ್ಕು ಮಕ್ಕಳ ತಾಯಿ. ಗರ್ಭಪಾತದ ನಿರ್ಧಾರ ಹೆಂಗಸಿನದ್ದೇ ಆಗಬೇಕು ಅಂತ ವಾದ ಮಾಡ್ತಿದ್ದವರು. ಆ ಕಾನೂನು 1978ರಲ್ಲಿ ಬಂತು. ಅಪ್ಪ ಲೇಬರ್ ಪಕ್ಷದ ಮಾಜಿ ಮಂತ್ರಿ. ಗಂಡ ಆರ್ನೆ ಉಲಾವ್ ಎದುರು ಪಾಳಯದ ಕನ್ಸರ್ವೇಟಿವ್. ಲೇಬರ್ ಪಕ್ಷದ ಗಂಡಸರಲ್ಲಿ ಮೂವರನ್ನ ನೆನಪಿಟ್ರೆ ಸಾಕು: ಬ್ರಾತೆಲಿ, ನೋರ್ಡ್ಲಿ, ಸ್ಟೇನ್. 1975ರಲ್ಲಿ, ಪ್ರಧಾನೀನೂ ಪಕ್ಷದ ಅಧ್ಯಕ್ಷರೂ ಆಗಿದ್ದ ಬ್ರಾತೆಲಿ ನಂತರ ಯಾರು ಅಂತ ಉಳಿದಿಬ್ಬರ ಮಧ್ಯೆ ಜಗ್ಗಾಟ ಶುರುವಾಯ್ತು. ತೀರ್ಮಾನ ಆಗಲಿಲ್ಲ, ಕುರ್ಚೀನೇ ಎರಡು ಮಾಡಿದ್ರು: ಸ್ಟೇನ್‌ಗೆ ಪಕ್ಷದ ಅಧ್ಯಕ್ಷಗಿರಿ, ನೋರ್ಡ್ಲಿಗೆ ಪ್ರಧಾನಿ ಪಟ್ಟ. ಉಪಾಧ್ಯಕ್ಷೆಯಾಗಿ ಗ್ರೋ. ನೀವು ತಪ್ಪಿಸ್ಕೊಂಡಿರೋದು ಇದನ್ನೇ. ಮುಂದಿನ ಎಲ್ಲ ಜಗಳದ ಬೇರು ಈ ಹಂಚಿಕೆ. ಯಾರಾದ್ರೂ ಮುಖ ಗಂಟು ಹಾಕ್ಕೊಂಡು ರೂಮಿಂದ ಎದ್ದು ಹೋದ್ರೆ, ಅವರು ಯಾವ ಕುರ್ಚಿ ಕಡೆಯವರು ಅಂತ ನೋಡಿ, ದೃಶ್ಯ ತಾನಾಗೇ ಬಿಡಿಸ್ಕೊಳ್ಳುತ್ತೆ.

ಮಂತ್ರಿ ಹೇಗಾದ್ರು ಅಂದ್ರೆ, ನಮ್ಮಲ್ಲಿ ಹೊರಗಿನವರು ಮಂತ್ರಿಯಾದ್ರೆ ಆರು ತಿಂಗಳಲ್ಲಿ ಸದನಕ್ಕೆ ಬರಲೇಬೇಕಲ್ಲ, ನಾರ್ವೇಲಿ ಆ ಕಟ್ಟುಪಾಡಿಲ್ಲ. ಸಂಸದರಾಗಿದ್ದವರು ಮಂತ್ರಿಯಾದ್ರೂ ಅಷ್ಟು ದಿನ ಅವರ ಜಾಗದಲ್ಲಿ ಬದಲಿ ಸದಸ್ಯರು ಕೂತು ವೋಟು ಹಾಕ್ತಾರೆ. ಗ್ರೋ 1974ರಲ್ಲಿ ಪರಿಸರ ಮಂತ್ರಿ ಆದ್ರು, ಓಸ್ಲೊಯಿಂದ ಗೆದ್ದಿದ್ದು 1977ರಲ್ಲಿ. ಆ ಚುನಾವಣೆ ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ: 155 ಸೀಟಲ್ಲಿ ಲೇಬರ್ 76, ಎಡಪಕ್ಷದ ಎರಡು ಸೇರಿ 78, ಎದುರಿಗೆ 77. ಒಂದೇ ಒಂದು ಸೀಟು! ಅವಧಿಗೆ ಮುಂಚೆ ಸದನ ವಿಸರ್ಜನೆ ಮಾಡಿ ಮತ್ತೆ ಜನರ ಹತ್ರ ಹೋಗೋಣ ಅಂದ್ರೆ ಅದೂ ಆಗಲ್ಲ, ಅವರ ಸಂವಿಧಾನದಲ್ಲಿ ಅದಕ್ಕೆ ಅವಕಾಶಾನೇ ಇಲ್ಲ. ನಾಲ್ಕು ವರ್ಷ ಅದೇ ಮುಖಗಳು, ಅದೇ ಲೆಕ್ಕ. ಅಲ್ಲಿ ಯಾರಾದ್ರೂ ಒಬ್ಬರು ತಕರಾರು ತೆಗೆದ್ರೂ ಎಲ್ಲರೂ ಯಾಕೆ ಗಾಬರಿ ಬೀಳ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಅದೇ 1977ರ ಏಪ್ರಿಲ್ 22ಕ್ಕೆ ಸಮುದ್ರದಲ್ಲಿರೋ ಎಕೋಫಿಸ್ಕ್ ತೈಲ ಕ್ಷೇತ್ರದ ಬ್ರಾವೊ ವೇದಿಕೇಲಿ ಬಾವಿ ಸಿಡೀತು. ರಿಪೇರಿ ಹೊತ್ತಲ್ಲಿ ಕೊಳವೆ ಒಳಗಿನ ಸುರಕ್ಷತಾ ಕವಾಟ ಸರಿಯಾಗಿ ಕೂತಿರಲಿಲ್ಲ. ಎಂಟು ದಿನ ಉತ್ತರ ಸಮುದ್ರಕ್ಕೆ ಕಚ್ಚಾ ತೈಲ ಚಿಮ್ಮಿತು, ಒಂದು ಜೀವಾನೂ ಹೋಗಲಿಲ್ಲ. ಪರಿಸರ ಮಂತ್ರಿಯಾಗಿ ದೇಶದ ಮುಂದೆ ನಿಂತು ಉತ್ತರ ಕೊಟ್ಟಿದ್ದು ಗ್ರೋ. ಜನ ಅವರ ಮುಖ ಗುರುತು ಹಿಡಿಯೋಕೆ ಶುರು ಮಾಡಿದ್ದು ಆಗ್ಲೇ.

ಕೊನೇ ಭಾಗಾನ ಫೋನ್ ಪಕ್ಕಕ್ಕಿಟ್ಟು ನೋಡಿ. 1979ರಲ್ಲಿ ನೋರ್ಡ್ಲಿ ಗ್ರೋ ಅವರನ್ನ ಸಂಪುಟದಿಂದ ಹೊರಗಿಟ್ರು. 1981ರ ಜನವರಿ ಕೊನೇಲಿ ಆರೋಗ್ಯ ಸರಿ ಇಲ್ಲ, ಇಳೀತೀನಿ ಅಂತ ನೋರ್ಡ್ಲಿಯೇ ಹೇಳಿದ್ರು. ಪಕ್ಷದ ಹಿರಿಯರು ಪಟ್ಟ ಕಟ್ಟೋಕೆ ಹುಡುಕಿದ್ದು ಆಗ ಪರಿಸರ ಮಂತ್ರಿಯಾಗಿದ್ದ ರೋಲ್ಫ್ ಹಾನ್ಸನ್ ಅವರನ್ನ. ಅವರು ಒಲ್ಲೆ ಅಂದು ಗ್ರೋ ಕಡೆ ಬೆರಳು ತೋರಿಸಿದ್ರು. ಫೆಬ್ರವರಿ 4ಕ್ಕೆ, 41ನೇ ವಯಸ್ಸಿಗೆ, ನಾರ್ವೆಯ ಮೊದಲ ಮಹಿಳಾ ಪ್ರಧಾನಿ. ಹಿರಿಯರ ಪಟ್ಟೀಲಿ ಮೊದಲ ಹೆಸರು ಇವರದ್ದಾಗಿರಲೇ ಇಲ್ಲ ಅನ್ನೋದು ಗೊತ್ತಿದ್ದು ನೋಡಿದ್ರೆ ನಗೂ ಬರುತ್ತೆ, ಮೈ ಉರೀನೂ ಬರುತ್ತೆ.

ಇನ್ನು ರಾಘು, ಗ್ರೋ ಪ್ರಧಾನಿಯಾದ ಮೇಲೆ ಮುಂದೇನಾಯ್ತು ಅಂತ ನೀನೂ ಕೇಳಿದ್ದೆ. ಅದೇ ವರ್ಷದ ಚುನಾವಣೇಲಿ ಸೋತು ಅಕ್ಟೋಬರಲ್ಲಿ ಕೆಳಗಿಳಿದ್ರು. 1986ರಲ್ಲಿ ವಾಪಸ್ ಬಂದಾಗ 18 ಜನರ ಸಂಪುಟದಲ್ಲಿ ಅವರನ್ನೂ ಸೇರಿಸಿ ಎಂಟು ಹೆಂಗಸರು. ಆದ್ರೆ ಒಂದು ವಿಷಯ ಬೇರೆಯಾಗಿ ಓದ್ಕೋ. ಆಲ್ಟಾ ನದಿಗೆ ಅಣೆಕಟ್ಟು ಬೇಡ ಅಂತ ನಾರ್ವೆಯ ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ವರ್ಷಗಟ್ಟಲೆ ಹೋರಾಡ್ತಿದ್ರು. ಗ್ರೋ ಪ್ರಧಾನಿಯಾದ ವಾರದಲ್ಲೇ 14 ಸಾಮಿ ಹೆಂಗಸರು ಅವರ ಕಚೇರಿಗೆ ಬಂದು ಕೂತು, ಏಳೋದಿಲ್ಲ ಅಂದ್ರು. ಪೊಲೀಸರು ಬಂದು ಎಬ್ಬಿಸಿದ್ರು, ಅಣೆಕಟ್ಟೂ ಎದ್ದು ನಿಂತಿತು.