ಸ್ನೇಹಿತನಿಗೋಸ್ಕರ ಧೈರ್ಯವಾಗಿ ಪ್ರಾರ್ಥನೆ ಮಾಡಕ್ಕೆ ಆಗ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ವಂದನೆ. ನನ್ನ ಫ್ರೆಂಡ್ ಒಬ್ಬ ತುಂಬ ಸೀರಿಯಸ್ ಆಗಿದಾನೆ, ದಿನಾ ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ, ಆದ್ರೆ ಬಾಯಿ ಬಿಟ್ಟ ಕೂಡ್ಲೆ "ಕರ್ತನೇ ನಿನ್ನ ಚಿತ್ತ ಇದ್ರೆ" ಅಂತಾನೇ ಶುರುವಾಗುತ್ತೆ. ನಿಜ ಹೇಳ್ಬೇಕಂದ್ರೆ ಅದು ವಿಧೇಯತೆ ಅಲ್ಲ, ಭಯ. ಗುಣ ಮಾಡಪ್ಪಾ ಅಂತ ನೇರವಾಗಿ ಕೇಳಿ ಆಮೇಲೆ ಆಗ್ದೇ ಹೋದ್ರೆ ನನ್ನ ನಂಬಿಕೆ ಗತಿ ಏನು ಅಂತ ಮೊದ್ಲೇ ತಪ್ಪಿಸ್ಕೊಳ್ಳೋಕೆ ದಾರಿ ಇಟ್ಕೊಂಡಿರ್ತೀನಿ. ಬೈಬಲ್‌ನ ಇಬ್ರಿಯ 4:16ರಲ್ಲಿ ಧೈರ್ಯವಾಗಿ ಕೃಪಾಸನದ (ದೇವರ ಕೃಪೆಯ ಸಿಂಹಾಸನದ) ಮುಂದೆ ಬರೋಣ ಅಂತಿದೆಯಲ್ಲ, ಆ ಧೈರ್ಯ ಅಂದ್ರೆ ಏನು? ದೇವರಿಗೇ ಆರ್ಡರ್ ಮಾಡ್ದಂಗೆ ಆಗಲ್ವಾ?

ಉತ್ತರ 1:
ಆದಿಕಾಂಡ 18 ಇನ್ನೊಂದ್ಸಲ ನಿಧಾನವಾಗಿ ಓದಿ. ದೇವರು ಸೊದೋಮ್ ಊರನ್ನ ನಾಶ ಮಾಡೋಕೆ ಹೊರಟಾಗ ಅಬ್ರಹಾಮ ನಾನು ಮಣ್ಣು ಬೂದಿ ಅಂತ ಒಪ್ಕೊಂಡೇ, ಅಲ್ಲಿ ಇಷ್ಟು ನೀತಿವಂತರಿದ್ರೆ ಊರನ್ನ ಉಳಿಸ್ತೀಯಾ ಅಂತ 50 ಜನರಿಂದ ಶುರು ಮಾಡಿ 45, 40, 30, 20, ಕೊನೆಗೆ 10ರವರೆಗೂ ಕೇಳ್ತಾನೆ, ದೇವರು ಒಂದ್ಸಲಾನೂ ಸಾಕು ನಿಲ್ಸು ಅನ್ನಲ್ಲ. ನೀನು ನ್ಯಾಯವಂತ ಅಲ್ವಾ ಅಂತ ದೇವರ ಗುಣಾನೇ ಹಿಡ್ಕೊಂಡು ಕೇಳ್ತಾನೆ, ಅದು ಆರ್ಡರ್ ಅಲ್ಲ. ಸೊದೋಮ್ ಉಳೀಲಿಲ್ಲ ನಿಜ, ಆದ್ರೆ 19:29 ನೋಡಿ, ದೇವರು ಅಬ್ರಹಾಮನನ್ನ ನೆನೆಸ್ಕೊಂಡು ಅಲ್ಲಿದ್ದ ಅವನ ಸಹೋದರನ ಮಗ ಲೋಟನನ್ನ ಹೊರಗೆ ಕಳಿಸ್ದ ಅಂತಿದೆ. ಅಷ್ಟು ಕೇಳಿದ್ರಲ್ಲಿ ಅಬ್ರಹಾಮ ಲೋಟನ ಹೆಸರನ್ನೇ ಎತ್ತಿರ್ಲಿಲ್ಲ! ಇದನ್ನ ಓದ್ದಾಗೆಲ್ಲ ನನಗೆ ಕಣ್ಣು ತುಂಬುತ್ತೆ.

ಲೂಕ 11ರಲ್ಲಿ ಮಧ್ಯರಾತ್ರಿ ಬಾಗಿಲು ತಟ್ಟಿ 3 ರೊಟ್ಟಿ ಕೇಳೋನೂ ಅಷ್ಟೇ, ಅವನು ಕೇಳ್ತಿರೋದು ತನ್ನ ಹೊಟ್ಟೆಗಲ್ಲ, ಮನೆಗೆ ಬಂದಿರೋ ಸ್ನೇಹಿತನಿಗೆ. ಬೇರೆಯವರ ಹಸಿವಿಗೋಸ್ಕರ ನಾಚಿಕೆ ಬಿಟ್ಟು ತಟ್ಟೋದು, ಅದನ್ನೇ ಯೇಸು ನಮಗೆ ಕಲಿಸ್ತಿರೋದು.

ಉತ್ತರ 2:
ನನ್ನದು ಸ್ವಲ್ಪ ಬೇರೆ ಅನುಭವ, ದಯವಿಟ್ಟು ಬೇಜಾರಾಗ್ಬೇಡಿ. ನಮ್ಮಮ್ಮ ಹುಷಾರಿಲ್ದಾಗ ಕೆಲವರು ಮಂಚದ ಹತ್ರ ನಿಂತು ಗುಣ ಆಗೋಯ್ತು, ನಂಬು ಅಂತ ಜೋರಾಗಿ ಹೇಳಿ ಹೋದ್ರು. ಅಮ್ಮ ತೀರ್ಕೊಂಡ್ರು. ಆಮೇಲೆ ಅವರಲ್ಲೇ ಒಬ್ರು ಮನೆಯವರಿಗೆ ನಂಬಿಕೆ ಸಾಲ್ದು ಅಂದ್ರು, ಆ ಮಾತು ಇವತ್ತಿಗೂ ಚುಚ್ಚುತ್ತೆ. ಧೈರ್ಯ ದೇವರ ಮುಂದೆ ಇರ್ಲಿ, ರೋಗಿ ಮುಂದೆ ಗ್ಯಾರಂಟಿ ಕೊಡೋದ್ರಲ್ಲಿ ಬೇಡ. ರಾಜ ದಾವೀದ ಕಾಯಿಲೆ ಬಿದ್ದ ತನ್ನ ಮಗುಗೋಸ್ಕರ ಉಪವಾಸ ಮಾಡಿ ನೆಲದ ಮೇಲೆ ಬಿದ್ಕೊಂಡು ಬೇಡ್ದ, 7ನೇ ದಿನ ಮಗು ಸತ್ತೋಯ್ತು. ಎದ್ದವನು ಮೊದಲು ಹೋಗಿದ್ದು ದೇವರ ಮನೆಗೇ. ಅವನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಬೈಬಲ್ ಎಲ್ಲೂ ಹೇಳಲ್ಲ.

ಉತ್ತರ 3:
"ನಿನ್ನ ಚಿತ್ತ" ಅನ್ನೋದು ತಪ್ಪಲ್ಲ, ಆದ್ರೆ ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಅದರ ಹಿಂದೆ ಬಚ್ಚಿಟ್ಕೊಳ್ಳಲಿಲ್ಲ, ಈ ಪಾತ್ರೆ (ಅಂದ್ರೆ ಬರೋ ಸಂಕಟ) ನನ್ನಿಂದ ದೂರ ಆಗ್ಲಿ ಅಂತ ಬಾಯ್ಬಿಟ್ಟು ಕೇಳಿ, ಬೆವರು ಸುರಿಸಿ, ಆಮೇಲೆ ಒಪ್ಪಿಸ್ಕೊಟ್ರು. ನಾವು ಕೇಳೋದನ್ನೇ ಬಿಟ್ಟು ಒಪ್ಪಿಸೋಕೆ ಹೋಗ್ತೀವಿ, ಏನೂ ಕೇಳ್ದೇ ಇದ್ರೆ ಒಪ್ಪಿಸೋಕೆ ಏನಿರುತ್ತೆ?

ಇನ್ನೊಂದು, ಒಬ್ರೇ ಹೊರಬೇಡಿ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನ ಹೊತ್ತು ತಂದಿದ್ದು 4 ಜನ, ಯೇಸು ನೋಡಿದ್ದೂ "ಅವರ" ನಂಬಿಕೆಯನ್ನ. ಯುದ್ಧದ ಹೊತ್ತಲ್ಲಿ ಮೋಶೆ ಎತ್ತಿ ಹಿಡಿದಿದ್ದ ಕೈ ಸೋತಾಗ ಆರೋನ, ಹೂರ ಅನ್ನೋ ಇಬ್ರು ಅವನ ಕೈ ಹಿಡ್ಕೊಂಡ್ರು. ನಿಮ್ಮ ಸಭೆಯಲ್ಲಿ ಇಬ್ರು ಮೂವರನ್ನ ಕರ್ಕೊಂಡು ಕೂತ್ಕೊಳಿ, ಮತ್ತೆ ಫ್ರೆಂಡ್‌ನೇ ಕೇಳಿ, ಏನಕ್ಕೋಸ್ಕರ ಪ್ರಾರ್ಥನೆ ಮಾಡ್ಲಿ ಅಂತ. ಕೆಲವೊಮ್ಮೆ ಅವರಿಗೆ ಕಾಯಿಲೆಗಿಂತ ರಾತ್ರಿ ಹೆದರಿಕೆನೇ ದೊಡ್ಡದಾಗಿರುತ್ತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಉತ್ತರ 2 ಬರೆದವರೇ, ನಿಮ್ಮಮ್ಮನ ವಿಷಯ ಓದಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಿನ್ನೆ ರಾತ್ರಿ ಮೊದಲ ಸಲ ಅವನ ಹೆಸರು ಹೇಳಿ ಇವನನ್ನ ಬದುಕಿಸು ಅಂತ ಅಷ್ಟೇ ಕೇಳ್ದೆ, ಮುಂದಕ್ಕೆ ಮಾತೇ ಬರ್ಲಿಲ್ಲ, ಅತ್ತುಬಿಟ್ಟೆ. ಫೋನ್ ಮಾಡಿ ಕೇಳಿದ್ದಕ್ಕೆ ನಿದ್ದೆ ಬರ್ಲಿ ಅಂತ ಪ್ರಾರ್ಥನೆ ಮಾಡು ಅಂದ. ಗುರುವಾರ ರಿಪೋರ್ಟ್ ಬರುತ್ತೆ, ಅಲ್ಲಿವರೆಗೂ ನೀವೂ ಜೊತೆಗೆ ತಟ್ತಾ ಇರಿ.